ಜೆರಾಕ್ಸಿನಲ್ಲಿ ಕಪ್ಪಾದ ರಕ್ತ

ಕಾಲೇಜಿನ ಎದುರಿನ ಪುಸ್ತಕದಂಗಡಿಯವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ. ಆ ರಸ್ತೆಯಲ್ಲಿ ಹೋಗಬೇಕಾಗಿ ಬಂದರೆ ಆಚೆ ಬದಿಗೆ ದಾಟಿಕೊಂಡು ಹೋಗುತ್ತೇನೆ. ನನ್ನ ಕೈ ಮೇಲೆ ನನಗೇ ಪೂರ್ತಿ ಭರವಸೆ ಇಲ್ಲ.

ನಡೆದದ್ದು ಇಷ್ಟು. ನನ್ನ ತಂಗಿ ಸಂಜೆ ಕಾಲೇಜಿನಲ್ಲಿ ನರ್ಸಿಂಗ್ ಓದಲು ಸೇರಿದ್ದಳು. ಶರೀರ ರಚನೆಯ ಪಾಠಕ್ಕೆ ಒಂದು ದಪ್ಪ ಪುಸ್ತಕ ಬೇಕಿತ್ತು. ಬೆಲೆ ಕೇಳಿದರೆ ಅವಳ ಎರಡು ತಿಂಗಳ ಸಂಬಳಕ್ಕೂ ಮೇಲೆ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ. ಹಳೆ ಪುಸ್ತಕ ಮಾರುವವರ ಸಾಲಿನಲ್ಲೆಲ್ಲ ಅಲೆದು ಅದೇ ಪುಸ್ತಕ ಹುಡುಕಿ, ನಾಳೆ ಬರುತ್ತೇನೆ ಯಾರಿಗೂ ಕೊಡಬೇಡ ಎಂದು ಹೇಳಿ, ಗೆದ್ದವನ ಹಾಗೆ ಮನೆಗೆ ಬಂದೆ. ತಂಗಿ ತಣ್ಣೀರೆರಚಿದಳು. ಆ ಪುಸ್ತಕದಿಂದ ಪ್ರಯೋಜನವಿಲ್ಲವಂತೆ. ಹೊಸ ಪುಸ್ತಕದ ಒಳರಟ್ಟಿನಲ್ಲಿ ಬೆಳ್ಳಿ ಬಣ್ಣದ ಒಂದು ಪಟ್ಟಿ ಇರುತ್ತದೆ, ಹಿಂದೆ ಫೋನಿನ ರೀಚಾರ್ಜ್ ಕಾರ್ಡಿಗೆ ಇರುತ್ತಿತ್ತಲ್ಲ, ಅಂಥದ್ದು. ಉಗುರಿನಲ್ಲಿ ಉಜ್ಜಿದರೆ ಒಂದು ನಂಬರ್ ಬರುತ್ತದೆ. ಆ ನಂಬರನ್ನು ಪುಸ್ತಕದ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೇನೇ ವಾರವಾರದ ಕಿರುಪರೀಕ್ಷೆ ಬರೆಯಲು ಬಿಡುವುದು. ಅದರ ಅಂಕ ಇಲ್ಲದಿದ್ದರೆ ಕಾಲೇಜು ದೊಡ್ಡ ಪರೀಕ್ಷೆಗೇ ಕೂರಿಸುವುದಿಲ್ಲ. ಒಬ್ಬರು ಉಜ್ಜಿದ ನಂಬರ್ ಇನ್ನೊಬ್ಬರಿಗೆ ನಡೆಯುವುದಿಲ್ಲ.

ಹಾಗಾದರೆ ಆ ನಂಬರ್ ಒಂದನ್ನೇ ಕೊಡು ಎಂದು ಅಂಗಡಿಗೆ ಹೋದೆ. ಅದೂ ಇತ್ತು. ಒಂದು ತುಂಡು ರಟ್ಟಿನ ಮೇಲೆ ಪಟ್ಟಿ ಅಂಟಿಸಿದ್ದರು. ಬೆಲೆ ಪುಸ್ತಕದ ಬೆಲೆಗಿಂತ ಒಂಚೂರು ಕಡಿಮೆ. ಇಷ್ಟು ಕೊಟ್ಟರೆ ಪುಸ್ತಕವೂ ಅದರೊಳಗೆ ಕಾಣುತ್ತದಾ ಎಂದು ಕೇಳಿದೆ. ಇಲ್ಲವಂತೆ, ಪರೀಕ್ಷೆ ಮಾತ್ರ ಕಾಣುತ್ತದಂತೆ. ಅದೂ ಒಂದು ವರ್ಷ ಕಳೆದರೆ ಸತ್ತುಹೋಗುತ್ತದಂತೆ. ಇದು ಯಾವ ಸೀಮೆಯ ವ್ಯಾಪಾರ ಎಂದು ನಾನು ದನಿ ಎತ್ತಿದಾಗ ಅವನು ಗಲ್ಲಾದ ಹಿಂದೆ ಒರಗಿ ನಕ್ಕ.

"ಗೋಡೆಗೆ ಬಣ್ಣ ಬಳಿಯೋರಿಗೆ ಇದೆಲ್ಲ ಹೇಗೆ ಅರ್ಥ ಆಗ್ಬೇಕು ಬಿಡಿ. ಬೇಕಾದ್ರೆ ತಗೊಳ್ಳಿ, ಬೇಡ್ದಿದ್ರೆ ಪಕ್ಕಕ್ಕೆ ನಿಂತ್ಕೊಳ್ಳಿ."

ತಂಗಿ ಜೊತೆಗಿದ್ದಳು, ನನ್ನ ಮೊಣಕೈ ಹಿಡಿದಿದ್ದಳು. ಅವನ ಪುಣ್ಯ.

ಹೌದು, ನಾನು ಗೋಡೆಗೆ ಬಣ್ಣ ಬಳಿಯುವವನು. ಏಳನೆಯ ಕ್ಲಾಸಿಗೆ ಸ್ಕೂಲು ಬಿಟ್ಟು ಏಣಿ ಹತ್ತಿದವನು. ಆದರೆ ಇಲ್ಲಿ ಹೇಳಬೇಕಾಗಿರುವುದು ನನ್ನ ಕಥೆಯಲ್ಲ, ತಂಗಿಯದು. ಮನೆಯಲ್ಲಿ ಅವಳಿಗೆ ಕಡ್ಡಿ ಎಂದು ಹೆಸರು. ಹುಟ್ಟಿದಾಗಿನಿಂದ ಸಣಕಲಿ. ಮಾತು ಬಂದ ಮೇಲೆ ಆ ಹೆಸರು ಇನ್ನೂ ಗಟ್ಟಿಯಾಯಿತು, ಕಡ್ಡಿ ಮುರಿದಂತೆ ಮಾತಾಡುವವಳು. ಮದುವೆಯ ಮಾತುಕತೆಯ ದಿನ ಹುಡುಗನ ಚಿಕ್ಕಮ್ಮ "ಹುಡುಗಿ ಸ್ವಲ್ಪ ತೆಳ್ಳಗಾಯ್ತು" ಅಂದರೆ, "ನಿಮ್ಮ ಹುಡುಗ ಸ್ವಲ್ಪ ಕಿವುಡು ಅಂತ ನಾವು ಹೇಳಿದ್ವಾ" ಎಂದು ಕೇಳಿದ್ದಳು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಆಮೇಲೆ ಬಂದವನನ್ನು ಮದುವೆಯಾದಳು. ಅವನು ಇದ್ದಾನೆ, ಎಲ್ಲೋ ಇದ್ದಾನೆ. ಇದ್ದಾನೆ ಅನ್ನುವುದಷ್ಟೇ ಅವನಿಂದ ಆದ ಉಪಕಾರ. ಮಗಳನ್ನು ಕಟ್ಟಿಕೊಂಡು ಬಂದ ತಂಗಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದ್ದುಕೊಂಡು ದೊಡ್ಡಾಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು.

ನನ್ನ ಹೆಂಡತಿಗೂ ಅವಳಿಗೂ ಬಾಯಿಗೆ ಬಾಯಿ. ನೀರು ಯಾರು ಮೊದಲು ಹಿಡಿಯಬೇಕು, ಬಟ್ಟೆ ಯಾರ ಹಗ್ಗದ ಮೇಲೆ ಎಂದು ದಿನಾ ಜಗಳ. ಆದರೆ ಹೆಂಡತಿ ಜ್ವರ ಬಂದು ಮಲಗಿದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂರುವವಳು ಕಡ್ಡಿಯೇ. ಆಗ ಹೆಂಡತಿ ಹೇಳುತ್ತಿದ್ದಳು, "ಇವಳ ಕೈ ಒಳ್ಳೇದು ಕಣ್ರೀ, ಬಾಯಿ ಮಾತ್ರ ಯಾರದ್ದೋ ಅಂಟಿಸಿದ್ದಾರೆ."

ಆಯಾ ಕೆಲಸವೆಂದರೆ ಹಾಸಿಗೆ ಬದಲಿಸು, ಮಲಮೂತ್ರದ ಪಾತ್ರೆ ಇಡು, ರೋಗಿಯ ಮಗ್ಗುಲು ತಿರುಗಿಸು, ನೆಲ ಒರೆಸು. ರೋಗಿಗಳಿಗೆ ಇದೆಲ್ಲ ಗೊತ್ತಾಗುತ್ತದಾ? ಬಿಳಿ ಗೋಡೆಯ ಮುಂದೆ ಓಡಾಡುವ ಹೆಂಗಸರೆಲ್ಲ ಅವರಿಗೆ ಸಿಸ್ಟರೇ. ನೋವು ಅಂದರೆ, ಉಸಿರು ಕಟ್ಟುತ್ತದೆ ಅಂದರೆ, ಇವಳು "ಕರೀತೀನಿ, ಇರಿ" ಎಂದು ಓಡಬೇಕು. ಮುಟ್ಟುವ ಹಾಗಿಲ್ಲ. ಒಂದು ಮಧ್ಯಾಹ್ನ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲಿ ಕೂತು ಹೇಳಿದಳು:

"ಅಣ್ಣಾ, ಇಷ್ಟು ವರ್ಷ ಬೇರೆಯವರನ್ನ ಕರೆದು ಕರೆದು ಗಂಟಲು ಹೋಯ್ತು. ಇನ್ಮೇಲೆ ನನ್ನನ್ನ ಯಾರಾದ್ರೂ ಕರೀಲಿ."

ಆಸ್ಪತ್ರೆಯಲ್ಲಿ ಒಂದು ನಿಯಮ ಇತ್ತು. ಕೆಲಸದಲ್ಲಿ ಇರುವವರು ಸಂಜೆ ಕಾಲೇಜಿನಲ್ಲಿ ನರ್ಸಿಂಗ್ ಪಾಸು ಮಾಡಿದರೆ ಅಲ್ಲೇ ನರ್ಸ್ ಆಗಬಹುದು. ಆದರೆ ವಯಸ್ಸಿನ ಮಿತಿ ಉಂಟು. ತಂಗಿಗೆ ಅದು ಕಟ್ಟಕಡೆಯ ವರ್ಷ. ಮೊದಲ ವರ್ಷದ ಶರೀರ ರಚನೆಯಲ್ಲಿ ಎರಡು ಸಲ ತಪ್ಪಿದರೆ ಸೀಟು ಹೋಗುತ್ತದೆ, ಮತ್ತೆ ಸೇರಲು ವಯಸ್ಸು ಇರುವುದಿಲ್ಲ. ಅವಳ ಪಾಲಿಗೆ ಆ ಒಂದು ಪುಸ್ತಕದಲ್ಲಿ ಏನಿದೆ ಎಂದು ತಿಳಿಯುವುದು ಬಾಗಿಲು ತೆರೆಯುವುದೋ ಮುಚ್ಚುವುದೋ ಅನ್ನುವ ಹಾಗಿತ್ತು.

ಆಸ್ಪತ್ರೆಯಿಂದ ಅವಳ ಜೊತೆ ಇನ್ನೂ ಮೂವರು ಸೇರಿದ್ದರು. ಇಬ್ಬರು ಚಿಕ್ಕ ವಯಸ್ಸಿನವರು. ಮೂರನೆಯವಳು ತಂಗಿಗಿಂತ ಕೆಲವೇ ತಿಂಗಳು ದೊಡ್ಡವಳು, ಅವಳಿಗೂ ಅದೇ ಕಡೆಯ ವರ್ಷ. ಬಟ್ಟೆ ಉಗ್ರಾಣದ ಬೀಗದ ಕೈ ಗೊಂಚಲು ಯಾವಾಗಲೂ ಸೊಂಟದಲ್ಲಿ ಇರುತ್ತಿದ್ದರಿಂದ ಎಲ್ಲರೂ ಅವಳನ್ನು ಕೀಲಿಕೈ ಅಕ್ಕ ಅನ್ನುತ್ತಿದ್ದರು. ಮಾತು ಕಡಿಮೆ. ಅವಳು ಬರುವುದು ಗೊತ್ತಾಗುತ್ತಿದ್ದದ್ದು ಕೀಲಿಯ ಸದ್ದಿನಿಂದ. ಓದಿನಲ್ಲಿ ನಾಲ್ವರಲ್ಲಿ ಅವಳೇ ಚುರುಕು ಎಂದು ತಂಗಿ ಹೇಳುತ್ತಿದ್ದಳು. ಕಡ್ಡಿ ಇನ್ನೊಬ್ಬರನ್ನು ಹೊಗಳುವುದೆಂದರೆ ಕೋಳಿಗೆ ಹಲ್ಲು ಬಂದ ಹಾಗೆ. ಆದ್ದರಿಂದ ನಿಜವೇ ಇರಬೇಕು.

ನಾಲ್ವರೂ ಸಾಲ ಸೋಲ ಮಾಡಿ ತಲಾ ಒಂದೊಂದು ನಂಬರ್ ಕೊಂಡರು. ಅದನ್ನು ಕೊಳ್ಳಲೇಬೇಕಿತ್ತಲ್ಲ. ಅದಾದ ಮೇಲೆ ಹಳೆ ಪುಸ್ತಕ ಕೊಳ್ಳಲೂ ಯಾರ ಹತ್ತಿರವೂ ಏನೂ ಉಳಿಯಲಿಲ್ಲ. ಬೀಗದ ಕೈ ಕೊಂಡೆವು, ಮನೆ ಕೊಳ್ಳಲು ದುಡ್ಡಿಲ್ಲ, ಅಂಥ ಪಾಡು. ಕಾಲೇಜಿನ ಗ್ರಂಥಾಲಯದಲ್ಲಿ ಆ ಪುಸ್ತಕದ ಒಂದೇ ಒಂದು ಪ್ರತಿ ಇತ್ತು. ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಸಂಜೆ ಕಾಲೇಜು ಶುರುವಾಗುವ ಮೊದಲೇ ಗ್ರಂಥಾಲಯಕ್ಕೆ ಬೀಗ ಬೀಳುತ್ತದೆ. ಸಂಜೆ ಓದುವವರಿಗೆ ಹಗಲಿನ ಗ್ರಂಥಾಲಯ! ಇದನ್ನು ಯೋಚಿಸಿ ಮಾಡಿದವರಿಗೂ ಸಂಬಳ ಬರುತ್ತದೆ.

ಕೊನೆಗೆ ಕೀಲಿಕೈ ಅಕ್ಕ ಒಂದು ದಿನ ಊಟದ ಬಿಡುವಿನಲ್ಲಿ ಊಟ ಬಿಟ್ಟು ಗ್ರಂಥಾಲಯಕ್ಕೆ ಓಡಿ, ಅಲ್ಲಿನವರನ್ನು ಹೇಗೋ ಒಪ್ಪಿಸಿ, ಪಕ್ಕದ ಕೋಣೆಯ ಮೆಷಿನ್ನಿನಲ್ಲಿ ಮುಖ್ಯವಾದ ಪಾಠಗಳ ಜೆರಾಕ್ಸ್ ಮಾಡಿಸಿ ತಂದಳು. ಅದರಿಂದ ಇನ್ನು ಮೂರು ಪ್ರತಿ ತೆಗೆಸಿದರು. ಜೆರಾಕ್ಸಿನ ಜೆರಾಕ್ಸ್. ದಪ್ಪ ಪುಸ್ತಕ ಗಾಜಿನ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ, ಹೊಲಿಗೆಯ ಪಕ್ಕದ ಅಕ್ಷರವೆಲ್ಲ ಕಪ್ಪು ನೆರಳಿನಲ್ಲಿ ಮುಳುಗಿಹೋಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಬಣ್ಣದ್ದು. ಮೂಲ ಪುಸ್ತಕದಲ್ಲಿ ಹೃದಯದ ಚಿತ್ರಕ್ಕೆ ಕೆಂಪು, ನೀಲಿ ಎರಡು ಬಣ್ಣ. ಒಳ್ಳೆಯ ರಕ್ತ ಹರಿಯುವ ನಾಳ ಕೆಂಪು, ಕೆಟ್ಟ ರಕ್ತದ್ದು ನೀಲಿ. ಜೆರಾಕ್ಸಿನಲ್ಲಿ ಕೆಂಪೂ ಕಪ್ಪು, ನೀಲಿಯೂ ಕಪ್ಪು. ಟಾರು ಸುರಿದ ಹಾಗೆ.

ಒಂದು ಭಾನುವಾರ ನಾಲ್ವರೂ ನಮ್ಮ ಮನೆಯ ಜಗಲಿಯಲ್ಲಿ ಕೂತು, ನನ್ನ ಸೊಸೆಯ, ಅಂದರೆ ತಂಗಿಯ ಮಗಳ, ಬಣ್ಣದ ಪೆನ್ಸಿಲ್ ಹಿಡಿದು ಆ ಕಪ್ಪು ನಾಳಗಳಿಗೆ ಬಣ್ಣ ತುಂಬಿದರು. ಯಾವುದಕ್ಕೆ ಯಾವ ಬಣ್ಣ ಎಂದು ನಾನು ಕೇಳಿದಾಗ ತಂಗಿ ಒಂದು ಸೂತ್ರ ಹೇಳಿದಳು. ಹೃದಯದಿಂದ ಹೊರಗೆ ಹೋಗುವ ನಾಳ ಅಪಧಮನಿ, ಅದು ಕೆಂಪು. ಹೃದಯಕ್ಕೆ ಒಳಗೆ ಬರುವ ನಾಳ ಅಭಿಧಮನಿ, ಅದು ನೀಲಿ. ಕ್ಲಾಸಿನಲ್ಲಿ ಬರೆದುಕೊಂಡಿದ್ದು ಅಷ್ಟೇ. ಸೂತ್ರ ಸರಿಯಾಗಿಯೇ ಇತ್ತು, ಒಂದು ಜಾಗ ಬಿಟ್ಟು. ಶ್ವಾಸಕೋಶದ ಹತ್ತಿರ ಅದು ತಿರುಗುಮುರುಗು. ಅಲ್ಲಿ ಹೃದಯದಿಂದ ಹೊರಡುವುದೇ ಕೆಟ್ಟ ರಕ್ತ, ಆದ್ದರಿಂದ ನೀಲಿ. ಗಾಳಿ ಕುಡಿದು ವಾಪಸ್ ಬರುವುದು ಒಳ್ಳೆಯ ರಕ್ತ, ಆದ್ದರಿಂದ ಕೆಂಪು. ಆ ಪಾಠ ನಡೆದ ಸಂಜೆ ಆಸ್ಪತ್ರೆಯಲ್ಲಿ ಬಸ್ ಅಪಘಾತದವರು ಬಂದು ತುಂಬಿಕೊಂಡಿದ್ದರು, ನಾಲ್ವರನ್ನೂ ಡಬಲ್ ಡ್ಯೂಟಿಗೆ ಹಿಡಿದಿದ್ದರು. ಪುಸ್ತಕದಲ್ಲಿ ಚಿತ್ರದ ಪಕ್ಕದಲ್ಲೇ ಈ ವಿಷಯ ಬರೆದಿತ್ತಂತೆ. ಬರೆದಿದ್ದ ಜಾಗ ಆ ಕಪ್ಪು ನೆರಳಿನೊಳಗೆ.

ಪರೀಕ್ಷೆಯಲ್ಲಿ ಅದೇ ಚಿತ್ರ ಬಂತು. ರಕ್ತ ಹರಿಯುವ ದಾರಿಗೆ ಬಣ್ಣ ಹಾಕಿ, ಹೆಸರು ಬರೆಯಿರಿ, ವಿವರಿಸಿ. ತಂಗಿ ನಗುತ್ತಾ ಮನೆಗೆ ಬಂದಳು. ನಾಲ್ವರೂ ಚಂದವಾಗಿ ಬಣ್ಣ ತುಂಬಿದ್ದರು. ನಾಲ್ವರೂ ಒಂದೇ ಜಾಗದಲ್ಲಿ, ಒಂದೇ ರೀತಿ, ಒಂದೇ ತಪ್ಪು ಮಾಡಿದ್ದರು.

ಉತ್ತರ ಪತ್ರಿಕೆ ನೋಡಿದವರು ಇದು ಸಾಮೂಹಿಕ ನಕಲು ಎಂದು ಬರೆದು ಕಳಿಸಿದರು.

ಪ್ರಿನ್ಸಿಪಾಲರು ವಿಚಾರಣೆಗೆ ಕರೆದ ದಿನ ನಾನು ಕೆಲಸ ಬಿಟ್ಟು ತಂಗಿಯ ಜೊತೆ ಹೋದೆ. ಕೈಯಲ್ಲಿ ಬಣ್ಣ ಹಾಗೇ ಇತ್ತು. ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಒಳಗೆ ನಾಲ್ವರನ್ನೂ ಮೇಜಿನ ಮುಂದೆ ನಿಲ್ಲಿಸಿದ್ದರು. ಕುರ್ಚಿ ಇತ್ತು, ಕೂರಿ ಅನ್ನುವ ಬಾಯಿ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು, ಎಲ್ಲ ಕೇಳುತ್ತಿತ್ತು. ಬೇರೆ ಬೇರೆ ಸಾಲಿನಲ್ಲಿ ಕೂತವರು ಹೇಗೆ ಮಾತಾಡಿಕೊಂಡಿರಿ, ಯಾರು ಮೊದಲು ಬರೆದದ್ದು, ಯಾರು ತೋರಿಸಿದ್ದು ಎಂದು ಕೇಳುತ್ತಿದ್ದರು. ಚಿಕ್ಕವರಿಬ್ಬರು ಅಳುತ್ತಿದ್ದರು. ತಂಗಿ ಜೆರಾಕ್ಸಿನ ವಿಷಯ, ಬಣ್ಣದ ವಿಷಯ ಎಲ್ಲ ಬಿಡಿಸಿ ಹೇಳಿದಳು. ಅದಕ್ಕೆ ಪ್ರಿನ್ಸಿಪಾಲರು ಕೊಟ್ಟ ಉತ್ತರ ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪುಸ್ತಕ ಕೊಳ್ಳದೆ ಜೆರಾಕ್ಸ್ ಮಾಡಿಸಿದ್ದೇ ಮೊದಲನೆಯ ಕಳ್ಳತನ, ಇನ್ನು ಪರೀಕ್ಷೆಯಲ್ಲಿ ಕದಿಯುವುದು ನಿಮಗೆ ಯಾವ ಲೆಕ್ಕ ಅಂದರು. ಹೊಟ್ಟೆಗಿಲ್ಲದವನು ಅನ್ನ ಕದ್ದ ಎಂದು ಹೊಡೆಯುವವರನ್ನು ನೋಡಿದ್ದೇನೆ. ಅನ್ನದ ಪಾತ್ರೆಗೆ ಬೀಗ ಹಾಕಿದವನೇ ಬಂದು ಹೊಡೆಯುವುದನ್ನು ಅವತ್ತು ನೋಡಿದೆ.

ಒಳಗೆ ನುಗ್ಗಿದೆ. ಏನೇನು ಅಂದೆ ಎನ್ನುವುದನ್ನು ಇಲ್ಲಿ ಬರೆಯಲಾಗುವುದಿಲ್ಲ. ನೀವು ಯಾರು ಎಂದು ಕೇಳಿದರು. ಅಣ್ಣ ಅಂದೆ. ಕಾವಲಿನವನನ್ನು ಕರೆಸಿದರು. ಅಷ್ಟರಲ್ಲಿ ಆ ಪಾಠ ಮಾಡುವ ಟೀಚರ್ ಗ್ರಂಥಾಲಯದ ಪುಸ್ತಕವನ್ನು ಎದೆಗವಚಿಕೊಂಡು ಬಂದರು. ವಯಸ್ಸು ತಂಗಿಗಿಂತ ಕಡಿಮೆ, ದನಿ ಅದಕ್ಕಿಂತ ಕಡಿಮೆ. ಮೇಜಿನ ಮೇಲೆ ಪುಸ್ತಕದ ಪುಟ ಬಿಡಿಸಿಟ್ಟರು, ಪಕ್ಕದಲ್ಲಿ ತಂಗಿಯ ಜೆರಾಕ್ಸ್ ಇಟ್ಟರು. ಇದನ್ನು ನೋಡಿ ಓದಿದರೆ ನಾನೂ ಹೀಗೇ ಬರೆಯುತ್ತಿದ್ದೆ ಅಂದರು. ಇವರು ನಕಲು ಮಾಡಿದ್ದರೆ ಒಬ್ಬರ ಹತ್ತಿರವಾದರೂ ಸರಿಯಾದ ಉತ್ತರ ಇರಬೇಕಿತ್ತಲ್ಲ ಸರ್ ಎಂದೂ ಕೇಳಿದರು.

ಪ್ರಿನ್ಸಿಪಾಲರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಾಣಿಸಿತು, ಅದೇ ನನಗೆ ಇನ್ನೂ ಉರಿ. ಆದರೆ ವರದಿ ಮೇಲಕ್ಕೆ ಹೋಗಿ ಆಗಿತ್ತು. ಸೀಟು ತೆಗೆಯುವುದಿಲ್ಲ, ಈ ಪರೀಕ್ಷೆ ರದ್ದು, ಉಳಿದ ಒಂದು ಅವಕಾಶದಲ್ಲಿ ಬರೆಯಿರಿ, ಫೈಲಿನಲ್ಲಿ ನಕಲು ಅನ್ನುವ ಮಾತು ಇರುತ್ತದೆ, ಅಂದರು. ತಾವು ಏನೋ ದೊಡ್ಡ ಉಪಕಾರ ಮಾಡಿದ ಹಾಗೆ ಕನ್ನಡಕ ತೆಗೆದು ಒರೆಸಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಷ್ಟು ಹೊತ್ತು ಬಾಯಿ ಬಿಡದ ಕೀಲಿಕೈ ಅಕ್ಕ ಸೆರಗು ಸರಿ ಮಾಡಿಕೊಂಡು ಹೊರಗೆ ನಡೆದಳು. ಕಾರಿಡಾರಿನ ಕೊನೆಯವರೆಗೂ ಕೀಲಿಯ ಸದ್ದು ಕೇಳಿಸಿತು. ಮರುದಿನ ಕ್ಲಾಸಿಗೆ ಬರಲಿಲ್ಲ. ಮತ್ತೆ ಬರಲೇ ಇಲ್ಲ.

ತಂಗಿಯೂ ಬಿಡುತ್ತೇನೆ ಅಂದಳು. ವರ್ಷ ಮುಗಿದಿತ್ತು, ಕೊಂಡ ನಂಬರ್ ಸತ್ತಿತ್ತು. ಎರಡನೆಯ ಸಲಕ್ಕೆ ಮತ್ತೆ ಕೊಳ್ಳಬೇಕು. ಅದರ ಮೇಲೆ ಪುಸ್ತಕಕ್ಕೆ ಹೊಸ ಆವೃತ್ತಿ ಬಂದಿತ್ತು. ಮನುಷ್ಯನ ದೇಹದಲ್ಲಿ ಒಂದು ವರ್ಷದಲ್ಲಿ ಏನು ಹೊಸದಾಗಿ ಬೆಳೆಯಿತೋ ನನಗೆ ಗೊತ್ತಿಲ್ಲ. ಬಾಲ ಬಂದಿದ್ದರೆ ನಮಗೂ ಕಾಣಬೇಕಿತ್ತು. ಅದೇ ವಾರ ಟೀಚರ್ ಆಸ್ಪತ್ರೆಗೇ ಹುಡುಕಿಕೊಂಡು ಬಂದು ತಂಗಿಯ ಫೋನಿಗೆ ಒಂದು ಪುಸ್ತಕ ಹಾಕಿಕೊಟ್ಟರು. ಪೂರ್ತಿ ಪುಸ್ತಕ, ಬಣ್ಣದ ಚಿತ್ರ ಸಮೇತ. ಬಿಟ್ಟಿ.

ತಂಗಿ ಅದನ್ನು ಮುಟ್ಟಲು ಎರಡು ದಿನ ಹೆದರಿದಳು. ಒಮ್ಮೆ ಕಳ್ಳಿ ಅನ್ನಿಸಿಕೊಂಡವಳಲ್ಲವೇ. ನನಗೂ ನಂಬಿಕೆ ಬರಲಿಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿಯವನಲ್ಲ ನಾನು. ಗಾಳಕ್ಕೆ ಸಿಕ್ಕಿಸಿದ ಹುಳು ಕಾಣುತ್ತದೆ, ಕೊಕ್ಕೆ ಕಾಣುವುದಿಲ್ಲ. ನೇರ ಕಾಲೇಜಿಗೆ ಹೋಗಿ, ಗೇಟಿನ ಹತ್ತಿರ ಟೀಚರನ್ನು ನಿಲ್ಲಿಸಿ ಕೇಳಿದೆ.

"ಇದರ ನಂಬರ್ ಎಲ್ಲಿ ಉಜ್ಜಬೇಕು ಮೇಡಂ?"

"ನಂಬರ್ ಇಲ್ಲ."

"ಯಾವಾಗ ಸಾಯುತ್ತೆ?"

"ಸಾಯಲ್ಲ. ನಿಮ್ಮ ತಂಗಿ ನರ್ಸ್ ಆದ ಮೇಲೂ ಅವರ ಹತ್ರಾನೇ ಇರುತ್ತೆ."

"ಹಾಗಾದ್ರೆ ಇದನ್ನ ಬರೆದವರಿಗೆ ತಲೆ ಕೆಟ್ಟಿದೆಯಾ?"

ಟೀಚರ್ ನಕ್ಕರು. ನಿಲ್ಲಿಸಿಕೊಂಡು ತಾಳ್ಮೆಯಿಂದ ಹೇಳಿದರು. ಇದನ್ನು ಬರೆದವರೂ ಪಾಠ ಮಾಡುವವರೇ. ಬರೆಯುವ ಕೂಲಿಯನ್ನು ಒಂದಿಷ್ಟು ವಿಶ್ವವಿದ್ಯಾಲಯಗಳೂ ದಾನದ ಸಂಸ್ಥೆಗಳೂ ಸೇರಿ ಒಂದೇ ಸಲ ಕೊಟ್ಟುಬಿಟ್ಟಿವೆ. ಬರೆದಾದ ಮೇಲೆ ಅವರೇ ಮೊದಲ ಪುಟದಲ್ಲಿ ಬಿಟ್ಟುಕೊಟ್ಟಿದ್ದಾರೆ: ಯಾರು ಬೇಕಾದರೂ ಓದಿ, ಪ್ರತಿ ಮಾಡಿ, ಹಂಚಿ, ಅಚ್ಚು ಹಾಕಿಸಿ, ನಿಮ್ಮ ಭಾಷೆಗೆ ತಿರುಗಿಸಿಕೊಳ್ಳಿ, ನಿಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ, ಮೂಲ ಯಾರದು, ನೀವು ಏನು ಬದಲಿಸಿದಿರಿ ಎಂದು ಹೇಳಿದರೆ ಸಾಕು. ನನಗೆ ತಟ್ಟನೆ ಅರ್ಥವಾಯಿತು. ಬಾವಿ ತೋಡಿದ ಕೂಲಿ ಒಮ್ಮೆ ಕೊಟ್ಟಾಗಿದೆ, ಇನ್ನು ಪ್ರತಿ ಕೊಡಕ್ಕೂ ಯಾಕೆ ದುಡ್ಡು? ಅರ್ಥವಾದ ಕೂಡಲೇ ಸಿಟ್ಟೂ ಬಂತು. ಇಂಥದ್ದೊಂದು ಇದೆ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಜೋರು ಮಾಡಿದೆ. ಟೀಚರ್ ತಲೆ ತಗ್ಗಿಸಿದರು. ಹಿಂದಿನ ವರ್ಷ ಸಭೆಯಲ್ಲಿ ಹೇಳಿದ್ದರಂತೆ. ನಿಗದಿಯಾದ ಪುಸ್ತಕವೇ ನಿಗದಿ, ಬಿಟ್ಟಿ ಪುಸ್ತಕ ಓದಿಸಿದರೆ ಕಾಲೇಜಿನ ಮರ್ಯಾದೆ ಏನಾಗಬೇಕು ಅಂದು ಬಾಯಿ ಮುಚ್ಚಿಸಿದರಂತೆ. ಮರ್ಯಾದೆಯಂತೆ! ಮೇಷ್ಟ್ರುಗಳೇ ಕೂತು ಬರೆದದ್ದು, ಮೇಷ್ಟ್ರುಗಳೇ ತಿದ್ದಿದ್ದು, ಬೆಲೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಇವರಿಗೆ ಹೀನ. ಹಾಗಾದರೆ ಉಸಿರಾಡುವ ಗಾಳಿಯನ್ನೂ ಇವರು ಚೀಟಿ ಹಾಕಿ ಕೊಂಡುಕೊಳ್ಳಲಿ.

ಈ ಸಲ ಟೀಚರ್ ಸುಮ್ಮನಾಗಲಿಲ್ಲ. ಎರಡನೆಯ ಸಲ ಬರೆಯುವವರಿಗೆ ವಾರದ ಪರೀಕ್ಷೆಯನ್ನು ತಾವೇ ಹಾಳೆಯ ಮೇಲೆ ಬರೆದು ಕೊಡುತ್ತೇನೆ ಎಂದು ಹಟ ಹಿಡಿದು ಒಪ್ಪಿಸಿದರು. ಸತ್ತ ನಂಬರಿನ ಗೊಡವೆ ತಪ್ಪಿತು.

ಆಮೇಲೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಡೆದದ್ದು ನೋಡಬೇಕಿತ್ತು. ಫೋನಿನ ಗಾಜು ಒಡೆದಿತ್ತು, ಬಿರುಕಿನ ಮಧ್ಯೆಯೇ ಹೃದಯ ಕೆಂಪಗೆ ನೀಲಿಗೆ ಹೊಳೆಯುತ್ತಿತ್ತು. ಎರಡು ಬೆರಳಿನಲ್ಲಿ ಹಿಗ್ಗಿಸಿದರೆ ಗೋಡೆಯಷ್ಟು ದೊಡ್ಡದಾಗುತ್ತದೆ ಎಂದು ತಂಗಿ ನನ್ನ ಹೆಂಡತಿಯನ್ನು ಕರೆದು ತೋರಿಸುತ್ತಿದ್ದಳು. ಹೆಂಡತಿ ಅಡುಗೆ ಮನೆಯಿಂದ ಬಂದು ನೋಡಿ, "ನಿಮ್ಮಣ್ಣನಿಗೂ ಇದು ಇದೆಯಾ ಹುಡುಕಿ ನೋಡು" ಅನ್ನುತ್ತಿದ್ದಳು. ತಂಗಿ ಬಸ್ಸಿನಲ್ಲಿ ಓದಿದಳು, ಉಗ್ರಾಣದ ಮೆಟ್ಟಿಲ ಮೇಲೆ ಓದಿದಳು. ಪುಸ್ತಕಕ್ಕಾಗಿ ಯಾರ ಮುಂದೆಯೂ ಕೈ ಚಾಚಬೇಕಾಗಿರಲಿಲ್ಲ, ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಎಂದು ನೋಡಬೇಕಾಗಿರಲಿಲ್ಲ. ಆ ನೆಮ್ಮದಿಯಲ್ಲೇ ಅರ್ಧ ವಿದ್ಯೆ ಹತ್ತಿತು.

ಪುಸ್ತಕ ಇಂಗ್ಲಿಷಿನಲ್ಲಿತ್ತು. ಬದಲಾಯಿಸಿಕೊಳ್ಳಬಹುದು ಅನ್ನುವ ಮಾತನ್ನು ತಂಗಿ ಗಟ್ಟಿಯಾಗಿ ಹಿಡಿದುಕೊಂಡಳು. ಚಿತ್ರಗಳ ಕೆಳಗೆ ನಮ್ಮ ಮಾತಿನಲ್ಲಿ ಬರೆಯೋಣ ಎಂದು ಟೀಚರ ಬೆನ್ನು ಬಿದ್ದಳು. ಭಾನುವಾರಗಳಲ್ಲಿ ಟೀಚರ್ ನಮ್ಮ ಮನೆಗೇ ಬಂದರು. ಅವರು ಪುಸ್ತಕದ ಮಾತು ಬರೆಯುವುದು, ಇವಳು ಅದು ನಮ್ಮ ವಾರ್ಡಿನಲ್ಲಿ ಯಾರಿಗೂ ತಿಳಿಯಲ್ಲ ಮೇಡಂ ಎಂದು ಹೊಡೆದುಹಾಕುವುದು, ಅವರು ಅರ್ಥ ತಪ್ಪುತ್ತದೆ ಅನ್ನುವುದು, ಹೀಗೆ ಕಾಫಿ ಆರುವವರೆಗೂ ಜಗಳ. ಶ್ವಾಸಕೋಶದ ನಾಳಗಳ ಚಿತ್ರದ ಕೆಳಗೆ ತಂಗಿ ತಾನೇ ಒಂದು ಸಾಲು ಸೇರಿಸಿದಳು: "ಇಲ್ಲಿ ಮಾತ್ರ ಉಲ್ಟಾ. ನಾವು ಮೋಸ ಹೋದೆವು, ನೀವು ಹೋಗಬೇಡಿ." ಟೀಚರ್ ಅದನ್ನು ಮಾತ್ರ ಮುಟ್ಟಲಿಲ್ಲ. ಮುಂದಿನ ವರ್ಷ ಸೇರಿದವರ ಫೋನಿಗೆಲ್ಲ ಕ್ಲಾಸು ಶುರುವಾದ ದಿನವೇ ಆ ಪುಸ್ತಕ ಆ ಸಾಲಿನ ಸಮೇತ ಹೋಯಿತು.

ತಂಗಿ ಪಾಸಾದಳು. ಚಿಕ್ಕವರಿಬ್ಬರೂ ಪಾಸಾದರು. ಮುಂದಿನ ವರ್ಷಗಳನ್ನೂ ಮುಗಿಸಿ ತಂಗಿ ಅದೇ ಆಸ್ಪತ್ರೆಯಲ್ಲಿ ನರ್ಸ್ ಆದಳು. ಹೊಸ ಬೂಟು ಕಚ್ಚುತ್ತದೆ ಎಂದು ಮೊದಲ ತಿಂಗಳಿಡೀ ಗೊಣಗಿದ್ದು ಬಿಟ್ಟರೆ ಅವಳ ಬಾಯಲ್ಲಿ ದೂರು ಕೇಳಲಿಲ್ಲ. ಅವಳಿಗೆ ಅದು ಹೊಸದು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸಿಟ್ಟು ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಯಾವಾಗ ಪಾಸಾದವರ ಸಂಖ್ಯೆ ಏರಿತೋ, ಸೇರುವವರು ಹೆಚ್ಚಾದರೋ, ಆಗ ಕಾಲೇಜಿಗೆ ಬಿಟ್ಟಿ ಪುಸ್ತಕದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಸಭಾಂಗಣದಲ್ಲಿ ಸಮಾರಂಭ ಇಟ್ಟರು. ಪುಸ್ತಕವನ್ನು ಅಚ್ಚು ಹಾಕಿಸಿ ಮಕ್ಕಳಿಗೆ ಹಂಚಿದರು. ಅದು ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಪ್ರಿನ್ಸಿಪಾಲರು ಮಾತಾಡುತ್ತಾ, ಬಡ ವಿದ್ಯಾರ್ಥಿಗಳ ಕಷ್ಟ ಕಂಡು ನಮ್ಮ ಸಂಸ್ಥೆ ಕೈಗೊಂಡ ನಿರ್ಧಾರ ಇದು ಅಂದರು. ಟೀಚರ್ ಹಿಂದಿನ ಸಾಲಿನಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದರು. ಹಳೆಯ ವಿದ್ಯಾರ್ಥಿನಿ ಎಂದು ತಂಗಿಯನ್ನು ವಂದನೆ ಹೇಳಲು ಕರೆದರು. ಕಡ್ಡಿಯನ್ನು ಮೈಕಿನ ಮುಂದೆ ನಿಲ್ಲಿಸಿದ್ದು ಅವರದೇ ಎಡವಟ್ಟು.

"ಪುಸ್ತಕ ಬರೆದು ಬಿಟ್ಟುಕೊಟ್ಟವರಿಗೆ ನಮಸ್ಕಾರ. ತಂದುಕೊಟ್ಟ ನಮ್ಮ ಟೀಚರ್‌ಗೆ ನಮಸ್ಕಾರ. ಸರ್, ನಮ್ಮ ನಾಲ್ಕು ಜನರ ಫೈಲಲ್ಲಿ ನಕಲು ಅಂತ ಬರೆದಿದೆಯಲ್ಲ, ಅದನ್ನ ಹೊಡೆದು ಹಾಕಿ, ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ನಿಮಗೂ ನಮಸ್ಕಾರ ಹೇಳ್ತೀನಿ."

ಪ್ರಿನ್ಸಿಪಾಲರು ಮುಗುಳ್ನಕ್ಕು, ನೋಡೋಣಮ್ಮ ನೋಡೋಣ ಅಂದರು. ಯಾರೋ ಚಪ್ಪಾಳೆ ಶುರು ಮಾಡಿ ಮಾತು ಮುಳುಗಿಸಿದರು.

ಅಲ್ಲಿ ಕೊಟ್ಟ ಪುಸ್ತಕ ಹಿಡಿದುಕೊಂಡು ತಂಗಿ ನನ್ನ ಸ್ಕೂಟರಿನ ಹಿಂದೆ ಕೂತು, ಆಸ್ಪತ್ರೆಗೆ ಬಿಡು ಅಂದಳು. ಇಬ್ಬರೂ ಉಗ್ರಾಣಕ್ಕೆ ಹೋದೆವು. ಕೀಲಿಕೈ ಅಕ್ಕ ಒಗೆದ ಚಾದರಗಳನ್ನು ಮಡಚುತ್ತಿದ್ದಳು. ಕೂದಲು ಹಣ್ಣಾಗಿತ್ತು. ತಂಗಿ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟು, ಈಗ ವಯಸ್ಸಿನ ಮಿತಿ ಸಡಿಲಿಸಿದ್ದಾರೆ, ಪುಸ್ತಕಕ್ಕೆ ಒಂದು ಕಾಸೂ ಬೇಡ, ನಾನೇ ಹೇಳಿಕೊಡುತ್ತೇನೆ, ಬಾರಕ್ಕಾ ಎಂದು ಅಂಗಲಾಚಿದಳು. ಕಡ್ಡಿ ಅಂಗಲಾಚಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಕೀಲಿಕೈ ಅಕ್ಕ ಪುಟ ತಿರುಗಿಸಿದಳು. ಹೃದಯದ ಚಿತ್ರದ ಹತ್ತಿರ ಬೆರಳು ನಿಂತಿತು. ಕೆಳಗಿನ ಸಾಲು ಓದಿ ಸಣ್ಣಗೆ ನಕ್ಕಳು. ಆಮೇಲೆ ಪುಸ್ತಕ ಮುಚ್ಚಿ, ಧೂಳು ಇಲ್ಲದಿದ್ದರೂ ಸೆರಗಿನಿಂದ ಒರೆಸಿ, ವಾಪಸ್ ಕೊಟ್ಟಳು.

"ಪುಸ್ತಕಕ್ಕೆ ದುಡ್ಡಿಲ್ಲ, ಸರಿ ಕಣೇ. ಆದ್ರೆ ನಿಂತ್ಕೊಂಡು ಕಳ್ಳಿ ಅನ್ನಿಸ್ಕೊಂಡೆನಲ್ಲ, ಆ ಮಾತನ್ನ ಅಂದವರು ಬಂದು ವಾಪಸ್ ತಗೊಳ್ಳಲಿ. ಆಮೇಲೆ ನೋಡೋಣ."

ಮತ್ತೆ ಚಾದರ ಮಡಚಲು ಶುರು ಮಾಡಿದಳು. ತಂಗಿ ಒಂದು ತುದಿ ಹಿಡಿದುಕೊಂಡಳು. ನಾನು ಹೊರಗೆ ಬಂದು ನಿಂತೆ.

ಪ್ರಿನ್ಸಿಪಾಲರು ಹೋದ ವರ್ಷ ನಿವೃತ್ತರಾದರು. ಮೊನ್ನೆ ತರಕಾರಿ ಅಂಗಡಿಯ ಮುಂದೆ ಸಿಕ್ಕಿದರು, ಕೈಯಲ್ಲಿ ಚೀಲ. ನಾನು ಅಡ್ಡ ನಿಂತೆ. ಬೈಯಲಿಲ್ಲ, ತಂಗಿಯ ಮೇಲಾಣೆ, ದನಿಯನ್ನೂ ಎತ್ತಲಿಲ್ಲ. ಉಗ್ರಾಣದಲ್ಲಿ ಒಬ್ಬಾಕೆ ಕಾಯುತ್ತಿದ್ದಾಳೆ ಸ್ವಾಮಿ, ಹೋಗಿ ಒಂದು ಮಾತು ಹೇಳಿ ಬನ್ನಿ, ಬೇಕಾದರೆ ನನ್ನ ಸ್ಕೂಟರಿನಲ್ಲೇ ಬಿಡುತ್ತೇನೆ ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ಬಹಳ ಹೊತ್ತು ನೋಡಿದರು.

"ಯಾರ ವಿಷಯ ಹೇಳ್ತಿದ್ದೀರಿ? ನನಗೆ ನೆನಪಾಗ್ತಿಲ್ಲ" ಅಂದರು.